ಹಲಗೆ ಎತ್ತಿದರೆ ಕಾಣುವ ದೋಣಿ

ಇಂಗ್ಲೆಂಡಿನ ಕಾಲುವೆ ದಂಡೆಯಲ್ಲಿ ನಡೆದುಹೋಗುವವರು ನ್ಯಾರೋಬೋಟ್ ಕಂಡಲ್ಲಿ ನಿಂತು ನೋಡುತ್ತಾರೆ. ಕಡುಹಸಿರು ಇಲ್ಲವೇ ಕಡುಗೆಂಪು ಮೈ, ಹಳದಿ ಅಂಚು, ಬಾಗಿಲ ಮೇಲೆ ಗುಲಾಬಿ ಹೂಗಳು ಮತ್ತು ಕೋಟೆಯ ಚಿತ್ರ, ನೆರಳು ಕೊಟ್ಟು ಬಿಡಿಸಿದ ಹೆಸರಿನ ಅಕ್ಷರಗಳು. ಫೋಟೊಗಳಲ್ಲಿ ಬರುವುದೂ ಇಷ್ಟೇ. ಆದರೆ ಆ ದೋಣಿ ಇನ್ನೆಷ್ಟು ವರ್ಷ ತೇಲೀತು ಎಂಬುದನ್ನು ತಿಳಿಯಬೇಕಾದರೆ ಹಿಂಬದಿಯ ಡೆಕ್ ಹಲಗೆಗಳನ್ನು ಎತ್ತಿ ಕೆಳಗೆ ಬಗ್ಗಿ ನೋಡಬೇಕು. ಎಂಜಿನ್, ಬ್ಯಾಟರಿ, ಡೀಸೆಲ್ ಪೈಪು, ಪ್ರೊಪೆಲರ್ ಶಾಫ್ಟು ಎಲ್ಲವೂ ಒತ್ತೊತ್ತಾಗಿ ಕುಳಿತಿರುವ ಆ ಗುಂಡಿಯೇ ಎಂಜಿನ್ ಬೇ. ಹಳೆಯ ದೋಣಿಗಾರರು ಅದನ್ನು ಎಂಜಿನ್ ಹೋಲ್ ಎಂದೇ ಕರೆಯುತ್ತಿದ್ದರು. ಹೊರಮೈಗೆ ಸಾವಿರಾರು ಪೌಂಡ್ ಸುರಿದು ಈ ಗುಂಡಿಗೆ ಒಂದು ಡಬ್ಬಿ ಬಣ್ಣವನ್ನೂ ಕೊಡದ ಮಾಲೀಕರು ಬೇಕಾದಷ್ಟು ಮಂದಿ ಇದ್ದಾರೆ. ಅವರ ದೋಣಿ ಒಳಗಿನಿಂದ ಸವೆಯುತ್ತಿರುತ್ತದೆ.

ಗದಗಿನ ಕಡೆಯ ಗೆಳೆಯನೊಬ್ಬ ಬರ್ಮಿಂಗ್‌ಹ್ಯಾಮ್ ಸೀಮೆಯಲ್ಲಿ ಹಳೆಯ ನ್ಯಾರೋಬೋಟ್ ಒಂದನ್ನು ಕೊಂಡು, ಅದರ ಎಂಜಿನ್ ಬೇಯನ್ನು ಬುಡದಿಂದ ಬಿಚ್ಚಿ, ಬಣ್ಣ ಬಳಿದು, ಮತ್ತೆ ಜೋಡಿಸಿದ. ರಜೆ ಸಿಕ್ಕಾಗ ನಾನೂ ಹೋಗಿ ಕೈಜೋಡಿಸಿದೆ. ಅಲ್ಲಿ ಕಂಡು ಕಲಿತದ್ದೇ ಈ ಬರಹಕ್ಕೆ ಆಧಾರ.

ಈ ದೋಣಿಗಳ ಅಳತೆಯನ್ನು ಗೊತ್ತುಮಾಡಿದ್ದು ಲಾಕ್‌ಗಳು. ನೆಲ ಏರುವ, ಇಳಿಯುವ ಕಡೆಗಳಲ್ಲಿ ದೋಣಿಯನ್ನು ನೀರಿನ ಜೊತೆಗೇ ಮೇಲೆತ್ತಿ ಕೆಳಗಿಳಿಸುವ, ಎರಡೂ ತುದಿಗೆ ಬಾಗಿಲಿರುವ ಕಲ್ಲುಕಟ್ಟಡದ ತೊಟ್ಟಿ ಅದು. ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಟ್ರೆಂಟ್ ಅಂಡ್ ಮರ್ಸಿ ಕಾಲುವೆಗೆ ಸುಮಾರು 72 ಅಡಿ ಉದ್ದ, 7 ಅಡಿ ಅಗಲದ ಲಾಕ್‌ಗಳನ್ನು ಗೊತ್ತುಮಾಡಿದ. 1777ರಲ್ಲಿ ಆ ಕಾಲುವೆ ಪೂರ್ತಿಯಾಗುವ ಮೊದಲೇ, 1772ರಲ್ಲಿ ಅವನು ತೀರಿಕೊಂಡ. ಅವನ ಅಳತೆ ಮಾತ್ರ ಉಳಿಯಿತು. ಇಂದಿಗೂ ನ್ಯಾರೋಬೋಟ್‌ನ ಅಗಲ 6 ಅಡಿ 10 ಇಂಚಿನ ಆಸುಪಾಸು. ನೀರು ಸಲೀಸಾಗಿ ಪ್ರೊಪೆಲರ್ ಕಡೆಗೆ ಹರಿಯಲೆಂದು ದೋಣಿಯ ಕೆಳಭಾಗವನ್ನು ಹಿಂದಕ್ಕೆ ಹೋದಂತೆ ಚೂಪಾಗಿಸಿರುತ್ತಾರೆ. ಎಂಜಿನ್ ಕೂರುವುದು ಸರಿಯಾಗಿ ಆ ಚೂಪಾಗುವ ಜಾಗದಲ್ಲಿ. ಮೇಲೆ ಅಗಲ ಇದ್ದರೂ ತಳದಲ್ಲಿ ಮಂಡಿಯೂರಲೂ ಸರಿಯಾದ ಸ್ಥಳವಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಸ್ಪ್ಯಾನರ್, ಹೊಟ್ಟೆಗೆ ಒತ್ತುವ ಉಕ್ಕಿನ ಅಂಚು. ಎಂಜಿನ್ ಬೇಯ ಕೆಲಸವೆಂದರೆ ಇದೇ ಭಂಗಿ.

ಮೊದಲು ಈ ದೋಣಿಗಳನ್ನು ಕುದುರೆ ಎಳೆಯುತ್ತಿತ್ತು. ಆಮೇಲೆ ಉಗಿಯಂತ್ರ ಬಂತು. ಫೆಲ್ಲೋಸ್ ಮಾರ್ಟನ್ ಅಂಡ್ ಕ್ಲೇಟನ್ ಕಂಪನಿ 1909ರಲ್ಲಿ ಕಟ್ಟಿದ ‘ಪ್ರೆಸಿಡೆಂಟ್’ ಎಂಬ ಉಗಿದೋಣಿ ಇಂದಿಗೂ ಉಳಿದಿದೆ. ಬಾಯ್ಲರ್, ಕಲ್ಲಿದ್ದಲು, ಅವನ್ನು ನೋಡಿಕೊಳ್ಳುವ ಹೆಚ್ಚಿನ ಆಳು ಎಲ್ಲವೂ ಸರಕಿನ ಜಾಗವನ್ನೇ ತಿನ್ನುತ್ತಿದ್ದವು. 1912ರ ಹೊತ್ತಿಗೆ ಅದೇ ಕಂಪನಿ ಸ್ವೀಡನ್ನಿನ ಬೊಲಿಂಡರ್ ಎಂಜಿನ್‌ಗಳನ್ನು ದೋಣಿಗೆ ಕೂರಿಸತೊಡಗಿತು. ಒಂದೇ ಸಿಲಿಂಡರ್, ಬ್ಲೋಲ್ಯಾಂಪ್ ಹಿಡಿದು ತಲೆ ಕಾಯಿಸಿದ ಮೇಲೆಯೇ ಶುರುವಾಗುವ ಯಂತ್ರ. ಹಿಂದಕ್ಕೆ ಹೋಗಬೇಕಾದರೆ ಗೇರ್ ಇಲ್ಲ, ಎಂಜಿನ್ನನ್ನೇ ತಿರುಗುಮುರುಗಾಗಿ ಓಡಿಸಬೇಕು. ಮುಂದೆ ಲಿಸ್ಟರ್, ನ್ಯಾಷನಲ್, ರಸೆಲ್ ನ್ಯೂಬೆರಿ, ಗಾರ್ಡ್ನರ್‌ಗಳ ಕಾಲ ಬಂತು. ಸರಕು ಸಾಗಿಸುವ ಕುಟುಂಬಗಳು ಹತ್ತಡಿಯ ಕ್ಯಾಬಿನ್‌ನಲ್ಲಿ ಸಂಸಾರ ಮಾಡುತ್ತಿದ್ದರೂ ಪಕ್ಕದ ಎಂಜಿನ್ ಕೋಣೆಯ ಹಿತ್ತಾಳೆಯನ್ನು ಕನ್ನಡಿಯಂತೆ ಉಜ್ಜಿಡುತ್ತಿದ್ದವು. ದಿನವಿಡೀ ಕಾಲುವೆಯಲ್ಲಿ ಸಾಗುವವರಿಗೆ ನಡುದಾರಿಯಲ್ಲಿ ಎಂಜಿನ್ ನಿಂತರೆ ಅಂದಿನ ಕೂಲಿಯೂ ಇಲ್ಲ. ಉಜ್ಜುವ ಕೈಗೆ ಸಡಿಲವಾದ ನಟ್ಟು ಮೊದಲು ಸಿಗುತ್ತಿತ್ತು.

1948ರಲ್ಲಿ ಕಾಲುವೆಗಳು ರಾಷ್ಟ್ರೀಕರಣಗೊಂಡವು. 1962–63ರ ಭೀಕರ ಚಳಿಗಾಲದಲ್ಲಿ ನೀರು ತಿಂಗಳುಗಟ್ಟಲೆ ಹೆಪ್ಪುಗಟ್ಟಿ ಸರಕು ಸಾಗಣೆಯ ಬೆನ್ನು ಮುರಿಯಿತು. ಕಾಲುವೆಗಳನ್ನು ಮುಚ್ಚಿಬಿಡದಂತೆ ಕಾದದ್ದು ಎಲ್.ಟಿ.ಸಿ. ರೋಲ್ಟ್ 1944ರಲ್ಲಿ ಪ್ರಕಟಿಸಿದ ‘ನ್ಯಾರೋ ಬೋಟ್’ ಪುಸ್ತಕ ಎಬ್ಬಿಸಿದ ಆಸಕ್ತಿ, ಅದರ ಬೆನ್ನಿಗೇ 1946ರಲ್ಲಿ ಹುಟ್ಟಿದ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್. ಈಗ ಸುಮಾರು 2,000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ನೋಡಿಕೊಳ್ಳುತ್ತದೆ. ದೋಣಿಗಳು ಮನೆಗಳಾಗಿವೆ, ರಜೆಯ ವಾಹನಗಳಾಗಿವೆ. ಮರದ ಮೈ ಹೋಗಿ ಉಕ್ಕಿನದು ಬಂದಿದೆ. ತಳಕ್ಕೆ 10 ಮಿ.ಮೀ., ಪಕ್ಕಕ್ಕೆ 6, ಕ್ಯಾಬಿನ್‌ಗೆ 4 ಮಿ.ಮೀ. ದಪ್ಪದ ತಗಡು ಈಚಿನ ದೋಣಿಗಳಲ್ಲಿ ಸಾಮಾನ್ಯ. ಗೆಳೆಯನದೂ ಅಂಥದ್ದೇ.

ಅದರೊಳಗಿದ್ದ ಎಂಜಿನ್ ನೋಡಿ ಅವನಿಗೆ ಆದ ಸಂತೋಷಕ್ಕೆ ಕಾರಣವಿತ್ತು. ಅದು ಬಿಎಂಸಿ 1.5, 1,489 ಸಿಸಿಯ, ನಾಲ್ಕು ಸಿಲಿಂಡರಿನ ಡೀಸೆಲ್. ಬ್ರಿಟನ್ನಿನ ವ್ಯಾನುಗಳಿಗೆಂದು ತಯಾರಾದ ಈ ಎಂಜಿನ್ ಅಲ್ಲಿನ ಕಾಲುವೆಗಳಲ್ಲಿ ದಶಕಗಳ ಕಾಲ ಮನೆಮಾತಾಗಿತ್ತು. ಇದೇ ವಂಶದ ಎಂಜಿನ್ 1980ರ ಹೊತ್ತಿಗೆ ನಮ್ಮ ಹಿಂದೂಸ್ತಾನ್ ಮೋಟಾರ್ಸ್‌ನ ಡೀಸೆಲ್ ಅಂಬಾಸಿಡರ್‌ಗೂ ಬಂತು. ಗದಗ, ಹುಬ್ಬಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾನೆಟ್ ಎತ್ತಿ ನಿಂತ ಕಾರುಗಳಲ್ಲಿ ಅವನು ಚಿಕ್ಕಂದಿನಲ್ಲೇ ಕಂಡಿದ್ದ ಆಕೃತಿ ಅದು. ಅವನ ತಂದೆಯ ಹಿಟ್ಟಿನ ಗಿರಣಿಯಲ್ಲಿ ಆಯಿಲ್ ಎಂಜಿನ್ ಇತ್ತು. ಎಣ್ಣೆಯ ವಾಸನೆಗೆ ಹೆದರುವವನಲ್ಲ.

ಹಲಗೆ ಎತ್ತಿದಾಗ ಒಳಗೆ ಕಂಡದ್ದು ಮಾತ್ರ ಸಂತೋಷಪಡುವಂಥದ್ದಾಗಿರಲಿಲ್ಲ. ಎಂಜಿನ್ ಕೆಳಗಿನ ತಟ್ಟೆಯಲ್ಲಿ ಕಪ್ಪು ಎಣ್ಣೆ. ಅದರ ಹಿಂದೆ, ಶಾಫ್ಟ್ ಹೊರಹೋಗುವಲ್ಲಿ, ಕಂದು ನೀರು. ಪಕ್ಕದ ತಗಡಿನಲ್ಲಿ ಹಪ್ಪಳದ ಹಾಗೆ ಎದ್ದ ತುಕ್ಕಿನ ಪದರ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಆದ್ದರಿಂದ ನೋಡಲು ಭಯ ಹುಟ್ಟಿಸಿದರೂ ಒಳಗಿನ ಹಾನಿ ಅಷ್ಟಿರಲಾರದು. ಊಹೆಗೆ ಬಿಡದೆ, ಸರ್ವೇಯರ್ ಅಲ್ಟ್ರಾಸೋನಿಕ್ ಮೀಟರ್ ಹಿಡಿದು ತಗಡಿನ ದಪ್ಪ ಅಳೆದರು. 4 ಮಿ.ಮೀ.ಗಿಂತ ತೆಳುವಾದರೆ ಸಾಮಾನ್ಯವಾಗಿ ವಿಮಾ ಕಂಪನಿಗಳು ತಕರಾರು ತೆಗೆಯುತ್ತವೆ. ಇಲ್ಲಿ ಉಕ್ಕು ಗಟ್ಟಿಯಾಗಿಯೇ ಉಳಿದಿತ್ತು.

ನೀರು ಒಳಗೆ ಬರುವ ದಾರಿಗಳನ್ನು ಪತ್ತೆಮಾಡುವುದು ಬಣ್ಣದ ಮಾತಿಗಿಂತ ಮುಂಚಿನ ಕೆಲಸ. ಡೆಕ್ ಹಲಗೆಗಳ ಅಂಚಿನಡಿ ಮಳೆನೀರು ಹಿಡಿದು ಹೊರಕ್ಕೆ ಸಾಗಿಸುವ ಚಿಕ್ಕ ಉಕ್ಕಿನ ಕಾಲುವೆಗಳಿರುತ್ತವೆ. ಎಲೆ, ಕೆಸರು ತುಂಬಿ ಅವು ಕಟ್ಟಿಕೊಂಡರೆ ಮಳೆಯೆಲ್ಲ ಎಂಜಿನ್ ಮೇಲೆ. ಗೆಳೆಯನ ದೋಣಿಯಲ್ಲಿ ಅರ್ಧ ನೀರು ಬಂದದ್ದು ಈ ದಾರಿಯಿಂದ. ಇನ್ನರ್ಧ ಶಾಫ್ಟ್ ಬಳಿಯಿಂದ. ಮೂರನೆಯದೊಂದು ದಾರಿ ಹೊಸಬರಿಗೆ ಹೊಳೆಯುವುದಿಲ್ಲ. ದೋಣಿ ತೇಲುತ್ತಿರುವಾಗ ತಳದ ತಗಡು ಕಾಲುವೆಯ ನೀರಿನಷ್ಟೇ ತಣ್ಣಗಿರುತ್ತದೆ. ಬೇಸಿಗೆಯ ಮಧ್ಯಾಹ್ನ ಬೆಚ್ಚಗಿನ, ತೇವದ ಗಾಳಿ ಒಳಹೊಕ್ಕರೆ ಆ ತಗಡು ಒಳಗಡೆಯೇ ಬೆವರುತ್ತದೆ. ಆ ತೆಳು ತೇವದ ಮೇಲೆ ಬಳಿದ ಬಣ್ಣ ಮುಂದಿನ ಚಳಿಗಾಲಕ್ಕೇ ಸುಲಿದು ಬರುತ್ತದೆ. ಎಪಾಕ್ಸಿ ಬಣ್ಣ ಬಳಿಯುವಾಗ ತಗಡಿನ ಉಷ್ಣತೆ ಹನಿಗಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವಾಂಶ ಶೇ 85 ದಾಟಬಾರದು ಎನ್ನುವುದು ಇದಕ್ಕೇ. ದುಬಾರಿಯಾದರೂ ದೋಣಿಯನ್ನು ಡ್ರೈ ಡಾಕ್‌ಗೆ ಎಳೆದೇ ಈ ಕೆಲಸ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹೇಗಿದ್ದರೂ ಹೊರಮೈಗೆ ಕೆಲವು ವರ್ಷಕ್ಕೊಮ್ಮೆ ಕರಿಬಣ್ಣ ಬಳಿಯಲು ಅದು ನೀರಿನಿಂದ ಮೇಲೇಳಲೇಬೇಕು. ಎರಡನ್ನೂ ಒಟ್ಟಿಗೆ ಹಾಕಿಕೊಂಡರಾಯಿತು.

ಎಂಜಿನ್ ಇದ್ದಲ್ಲೇ ಇಟ್ಟು ಸುತ್ತಲೂ ಬಣ್ಣ ಬಳಿದರೆ ಸಾಲದೇ ಎಂದು ಕೇಳಿದೆ. “ಬ್ಯಾಡಪ್ಪ, ಅದನ್ನ ಎತ್ತಲೇಬೇಕು. ಅದು ಅಲ್ಲೇ ಕುಂತಿದ್ರ ಕೈ ಹೋದಷ್ಟು ಹಚ್ಚತೀವಿ, ನೀರು ನಿಲ್ಲೂ ಜಾಗ ಹಂಗ ಉಳೀತೈತಿ,” ಎಂದ. ಅವನ ಮಾತು ಸರಿ. ಇನ್ನೂರು ಕಿಲೋ ಮೀರಿದ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಚೈನ್ ಬ್ಲಾಕ್ ಹಾಕಿ ಎತ್ತುವ ಮುಂಚೆ ಪ್ರತಿಯೊಂದು ವೈರು, ಹೋಸ್, ಕೇಬಲ್‌ಗೂ ಟೇಪು ಸುತ್ತಿ ಗುರುತು ಬರೆದೆವು; ಫೋಟೊ ತೆಗೆದೆವು. ಡೀಸೆಲ್ ಕವಾಟ ಮುಚ್ಚಿ, ಬ್ಯಾಟರಿಗಳನ್ನು ದೋಣಿಯಿಂದ ಆಚೆಗಿಟ್ಟೆವು. ತಟ್ಟೆಯಲ್ಲಿದ್ದ ಎಣ್ಣೆಯನ್ನು ಕೈಪಂಪಿನಲ್ಲಿ ಡ್ರಮ್ಮಿಗೆ ತುಂಬಿಸಿದೆವು. ಎಣ್ಣೆ ಬೆರೆತ ನೀರು ಒಂದು ಲೋಟದಷ್ಟೂ ಕಾಲುವೆಗೆ ಹೋಗಬಾರದು. ಅದೇ ನೀರಲ್ಲಿ ಬಾತುಕೋಳಿಗಳಿವೆ, ಮೀನು ಹಿಡಿಯುವವರಿದ್ದಾರೆ. ಎಂಜಿನ್ ಕೆಳಗೆ ಸೋರದ ಪ್ರತ್ಯೇಕ ತಟ್ಟೆ ಇರಬೇಕೆಂಬ ನಿಯಮ ಹುಟ್ಟಿದ್ದು ಇದಕ್ಕಾಗಿ.

ಆಮೇಲಿನದು ಬರೀ ಮೈಮುರಿಯುವ ಕೆಲಸ. ಮೊದಲು ಜಿಡ್ಡು, ನಂತರ ತುಕ್ಕು. ಈ ಅನುಕ್ರಮ ತಪ್ಪುವಂತಿಲ್ಲ. ಜಿಡ್ಡಿದ್ದಾಗಲೇ ವೈರ್ ಬ್ರಶ್ ಆಡಿಸಿದರೆ ಎಣ್ಣೆಯನ್ನು ಉಕ್ಕಿನ ಸಂದುಗಳಿಗೆ ಉಜ್ಜಿದಂತಾಗುತ್ತದೆ, ಅದರ ಮೇಲೆ ಯಾವ ಬಣ್ಣವೂ ಹಿಡಿಯದು. ಡಿಗ್ರೀಸರ್ ಬಳಿದು, ಬಿಸಿನೀರಲ್ಲಿ ತೊಳೆದು, ಒರೆಸಿದ ಬಟ್ಟೆ ಬಿಳಿಯಾಗಿಯೇ ಬರುವವರೆಗೂ ಅದನ್ನೇ ಮತ್ತೆ ಮತ್ತೆ ಮಾಡಿದೆವು. ಆಮೇಲೆ ಸುತ್ತಿಗೆಯ ತುದಿಯಿಂದ ಪದರ ಎಬ್ಬಿಸಿ, ಗ್ರೈಂಡರ್‌ಗೆ ಹುರಿಗಟ್ಟಿದ ತಂತಿಯ ಬಟ್ಟಲು ಹಾಕಿ ಉಜ್ಜಿದೆವು. ಎಂಜಿನ್ ಕೂರುವ ಉಕ್ಕಿನ ದಿಂಡುಗಳ ಒಳಮೂಲೆಗೆ ಯಾವ ಯಂತ್ರವೂ ಹೋಗದು. ಅಲ್ಲಿ ಕೈಯ ಚಿಕ್ಕ ಬ್ರಶ್ಶೇ ಗತಿ. ಹೊಳೆಯುವ ಉಕ್ಕು ಎಲ್ಲೆಡೆ ಬರುವುದಿಲ್ಲ. ಕುಳಿಬಿದ್ದ ಕಡೆ ತುಕ್ಕಿನ ಕಣ ಉಳಿದೇ ಉಳಿಯುತ್ತದೆ. ಅಂಥ ಮೇಲ್ಮೈಯನ್ನೂ ಸಹಿಸಿಕೊಳ್ಳುವ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್ ಅನ್ನು ಗೆಳೆಯ ಆರಿಸಿದ್ದು ಅದಕ್ಕೇ. ರೆಡ್ ಆಕ್ಸೈಡ್ ಅಗ್ಗ, ಬಳಿಯಲು ಸುಲಭ. ಮನೆಯ ಕಿಟಕಿ ಸರಳಿಗೆ ಅದು ಸಾಕು, ನೀರು ನಿಲ್ಲುವ ತಳಕ್ಕೆ ಸಾಲದು.

ಮೊದಲ ಕೋಟು ಹೊಡೆಯುವ ಮುನ್ನ ಅವನು ಒಂದು ಸಣ್ಣ ಬ್ರಶ್ ಹಿಡಿದು ಬೆಸುಗೆಯ ಗೆರೆಗಳು, ತಗಡಿನ ಚೂಪು ಅಂಚುಗಳು, ಬೋಲ್ಟು ತೂತುಗಳ ಸುತ್ತ ಮಾತ್ರ ಪ್ರೈಮರ್ ಬಳಿಯುತ್ತ ಹೋದ. ಬಣ್ಣ ಒಣಗುವಾಗ ಅಂಚಿನಿಂದ ಹಿಂದೆ ಸರಿದು ಅಲ್ಲಿ ತೆಳುವಾಗುತ್ತದೆ. ತುಕ್ಕು ಮೊದಲು ಬಾಯಿ ಹಾಕುವುದೂ ಅಲ್ಲೇ. ಆದ್ದರಿಂದ ಅಂಚುಗಳಿಗೆ ಒಂದು ಕೋಟು ಹೆಚ್ಚು. ಎರಡು ಡಬ್ಬಿಯದನ್ನು ಬೆರೆಸಿದ ಕ್ಷಣದಿಂದ ಗಟ್ಟಿಯಾಗುವ ಕ್ರಿಯೆ ಶುರುವಾಗುವುದರಿಂದ ಸ್ವಲ್ಪ ಸ್ವಲ್ಪವೇ ಕಲಸಬೇಕು. ಇನ್ನೂ ಮುಖ್ಯವಾದದ್ದು ಉಸಿರು. ಥಿನ್ನರಿನ ಆವಿ ಗಾಳಿಗಿಂತ ಭಾರ, ಅದು ಮೇಲೆ ಹೋಗದೆ ಗುಂಡಿಯಲ್ಲೇ ತುಂಬಿಕೊಳ್ಳುತ್ತದೆ. ಒಬ್ಬನೇ ಇಳಿದು ತಲೆ ತಿರುಗಿ ಬಿದ್ದರೆ ಎತ್ತುವವರಿರುವುದಿಲ್ಲ. ಮೇಲೆ ಒಬ್ಬ ಕಾವಲು, ಮುಖಕ್ಕೆ ಆವಿ ತಡೆಯುವ ಮಾಸ್ಕು, ತಳದ ಗಾಳಿಯನ್ನು ಹೊರಕ್ಕೆಳೆಯುವ ಫ್ಯಾನು, ಕ್ಯಾಬಿನ್ ಒಳಗಿನ ಒಲೆ ಆರಿರುವುದು: ಇವಿಲ್ಲದೆ ಬ್ರಶ್ ಮುಟ್ಟಬಾರದು.

ಕೊನೆಯ ಕೋಟಿಗೆ ಬಿಲ್ಜ್ ಪೇಂಟ್. ಎಣ್ಣೆ, ಡೀಸೆಲ್ ಬಿದ್ದರೂ ಕರಗದ ಬಣ್ಣ. ಕಪ್ಪು ಇಲ್ಲವೇ ಕಡುಗೆಂಪು ಬಳಿದರೆ ಕೊಳೆ ಕಾಣದು ಎಂದು ಕೆಲವರು ಸಲಹೆ ಕೊಟ್ಟರು. ನನಗೆ ಒಪ್ಪಿಗೆಯಾಗದ ಸಲಹೆ ಅದು. ತಿಳಿ ಬೂದು ಬಣ್ಣದ ತಳದ ಮೇಲೆ ಪ್ರತಿ ಸೋರಿಕೆಯೂ ತನ್ನ ಗುರುತು ತಾನೇ ಹೇಳುತ್ತದೆ. ಬ್ರಿಟನ್ನಿನ ದೋಣಿಗಳಿಗೆ ಹಾಕುವ ಡೀಸೆಲ್‌ಗೆ ತೆರಿಗೆಯ ಗುರುತಿಗಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಕೆಂಪು ಹನಿ ಕಂಡರೆ ಡೀಸೆಲ್ ಪೈಪು ನೋಡು. ಕಪ್ಪು ಕಂಡರೆ ಎಂಜಿನ್ ಆಯಿಲ್. ನೀಲಿ ಇಲ್ಲವೇ ಗುಲಾಬಿ ಆದರೆ ಕೂಲಂಟ್. ಬಣ್ಣವಿಲ್ಲದ ನೀರಾದರೆ ಶಾಫ್ಟು, ಇಲ್ಲ ಮಳೆ. ಹನಿಯ ಜಾಡು ಹಿಡಿದು ಹಿಂದಕ್ಕೆ ಹೋದರೆ ಸೋರುವ ಜಾಗವೇ ಸಿಗುತ್ತದೆ. ಈ ಕೋಣೆಗೆ ಬಣ್ಣ ಬಳಿಯುವುದರ ಅರ್ಧ ಪ್ರಯೋಜನ ತುಕ್ಕು ತಡೆಯುವುದು. ಇನ್ನರ್ಧ, ತಪ್ಪು ಬೇಗ ಕಣ್ಣಿಗೆ ಬೀಳುವಂತೆ ಮಾಡುವುದು. ಎಂಜಿನ್‌ಗೂ ಶಾಖ ತಡೆಯುವ ಹಸಿರು ಎನಾಮಲ್ ಬಿತ್ತು. ಕೆಳಗಿನ ರಬ್ಬರ್ ಮೌಂಟುಗಳು, ಬೆಲ್ಟು, ನೆಗೆಟಿವ್ ವೈರು ಕೂರುವ ಬರಿ ಲೋಹದ ಜಾಗ ಇವಕ್ಕೆ ಮಾತ್ರ ಬಣ್ಣ ತಾಕದಂತೆ ಟೇಪು ಅಂಟಿಸಿದ್ದೆವು.

ಜೋಡಣೆಯಲ್ಲಿ ನನ್ನ ಮನಸ್ಸು ಹಿಡಿದದ್ದು ಸ್ಟರ್ನ್ ಗ್ಲ್ಯಾಂಡ್. ಪ್ರೊಪೆಲರ್ ಶಾಫ್ಟ್ ದೋಣಿಯ ಮೈ ತೂರಿ ಹೊರಹೋಗುವ ತೂತಿನಲ್ಲಿ, ಶಾಫ್ಟ್ ತಿರುಗಬೇಕು, ಕಾಲುವೆ ಒಳಬರಬಾರದು. ಪರಿಹಾರ ನೂರಾರು ವರ್ಷ ಹಳೆಯದು. ಗ್ರೀಸ್ ಹೀರಿದ ಚೌಕ ಹುರಿಯನ್ನು ಶಾಫ್ಟಿನ ಸುತ್ತ ಒಂದೊಂದೇ ಸುತ್ತಿನ ಬಳೆಯಾಗಿ ಕತ್ತರಿಸಿ, ಹಿತ್ತಾಳೆಯ ಗೂಡಿನೊಳಗೆ ತುರುಕುತ್ತಾರೆ. ಕತ್ತರಿಸುವುದು ನೇರಕ್ಕಲ್ಲ, ಓರೆಯಾಗಿ. ಒಂದು ಬಳೆಯ ಸಂದು ಇನ್ನೊಂದರ ಸಂದಿಗೆ ನೇರ ಬರದಂತೆ ತಿರುಗಿಸಿ ಕೂರಿಸಬೇಕು. ಗೆಳೆಯ ಹಳೆಯ ಹುರಿಯನ್ನು ಕೊಕ್ಕೆಯಿಂದ ಎಳೆದಾಗ ಅದು ಒಣಗಿ ಇದ್ದಿಲಿನಂತಾಗಿತ್ತು. ಹೊಸದನ್ನು ಕೂರಿಸಿ, ಎರಡೂ ನಟ್ಟುಗಳನ್ನು ಬೆರಳಲ್ಲಿ ತಿರುಗುವಷ್ಟೇ ಬಿಗಿದ. ಸ್ಪ್ಯಾನರ್ ಹಾಕಿ ಬಿಗಿದು ಒಂದು ಹನಿಯೂ ಬಾರದಂತೆ ಮಾಡಿದರೆ ಹುರಿ ಕಾದು, ಶಾಫ್ಟಿನ ಮೇಲೆ ಗೀರು ಬೀಳುತ್ತದೆ. ಓಡುವಾಗ ಆಗೊಂದು ಈಗೊಂದು ಹನಿ ಬೀಳಬೇಕು. ಸಂಜೆ ದೋಣಿ ಕಟ್ಟಿದ ಮೇಲೆ ಪಕ್ಕದ ಗ್ರೀಸ್ ಕಪ್ಪಿನ ಹಿಡಿಯನ್ನು ಕೈಗೆ ಬಿಗಿ ಸಿಗುವವರೆಗೆ ತಿರುಗಿಸಿದರೆ ಹನಿ ನಿಲ್ಲುತ್ತದೆ.

ಅದರ ಪಕ್ಕದಲ್ಲೇ ವೀಡ್ ಹ್ಯಾಚ್. ಪ್ರೊಪೆಲರ್‌ನ ನೆತ್ತಿಯ ಮೇಲೆ ನಿಲ್ಲಿಸಿದ ಉಕ್ಕಿನ ಪೆಟ್ಟಿಗೆ, ಮುಚ್ಚಳ ಬಿಚ್ಚಿ ತೋಳು ಇಳಿಸಿದರೆ ಪ್ರೊಪೆಲರ್ ಕೈಗೆ ಸಿಗುತ್ತದೆ. ಪ್ಲಾಸ್ಟಿಕ್ ಚೀಲ, ಹಗ್ಗ, ತಂತಿ, ಒಮ್ಮೊಮ್ಮೆ ಸೀರೆಯೂ ಅಲ್ಲಿ ಸುತ್ತಿಕೊಂಡಿರುತ್ತದೆ. ಎಂಜಿನ್ ಆರಿಸಿ, ಕೀಲಿಯನ್ನು ಕಿಸೆಗೆ ಹಾಕಿಕೊಂಡೇ ಕೈ ಇಳಿಸಬೇಕು. ಮುಚ್ಚಳ ಸಾಮಾನ್ಯವಾಗಿ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ, ಹಾಗಾಗಿ ನಿಂತ ದೋಣಿಯಲ್ಲಿ ಅದು ಸಡಿಲವಿದ್ದರೂ ತಿಳಿಯದು. ಹೊರಟ ಕೂಡಲೇ ಪ್ರೊಪೆಲರ್ ನೀರನ್ನು ಮೇಲಕ್ಕೆ ಚಿಮ್ಮಿಸಿ ಎಂಜಿನ್ ಬೇಯನ್ನು ತುಂಬಿಸಿಬಿಡುತ್ತದೆ. ಕಾಲುವೆಗಳಲ್ಲಿ ದೋಣಿ ಮುಳುಗುವುದಕ್ಕೆ ಇದೂ ಒಂದು ಪರಿಚಿತ ಕಾರಣ. ಅದರ ರಬ್ಬರ್ ಪಟ್ಟಿಯನ್ನು ಬದಲಾಯಿಸಿ, ಬಣ್ಣ ಬಳಿದ ಮೇಲೂ ಬಿಗಿಪಟ್ಟಿ ಸರಿಯಾಗಿ ಕೂರುತ್ತದೆಯೇ ಎಂದು ನೋಡಿಯೇ ಮುಂದಕ್ಕೆ ಹೋದೆವು.

ತಂಪಿನ ವ್ಯವಸ್ಥೆ ಜಾಣತನದ್ದು. ಕೆಸರಿನ ಕಾಲುವೆ ನೀರನ್ನು ಎಂಜಿನ್ ಒಳಕ್ಕೆ ಎಳೆಯುವ ಬದಲು, ದೋಣಿಯ ಪಕ್ಕದ ತಗಡಿಗೇ ಒಳಗಿನಿಂದ ತೆಳ್ಳನೆಯ ಉಕ್ಕಿನ ಟ್ಯಾಂಕ್ ಬೆಸೆದು, ಕೂಲಂಟನ್ನು ಅದರಲ್ಲಿ ಸುತ್ತಿಸುತ್ತಾರೆ. ಶಾಖ ತಗಡಿನ ಮೂಲಕ ಕಾಲುವೆಗೆ ಹೋಗುತ್ತದೆ. ಪ್ರತಿ 4 ಎಚ್‌ಪಿಗೆ ಒಂದು ಚದರಡಿ ಎಂಬುದು ದೋಣಿ ಕಟ್ಟುವವರ ರೂಢಿಯ ಲೆಕ್ಕ. ಸುಮಾರು 35 ಎಚ್‌ಪಿಯ ಈ ಎಂಜಿನ್‌ಗೆ ಒಂಬತ್ತು ಚದರಡಿ ಬೇಕು. ಅದೇ ಬಿಸಿ ಕೂಲಂಟ್ ಒಂದು ಸುತ್ತು ಹೋಗಿ ಸ್ನಾನದ ನೀರನ್ನೂ ಕಾಯಿಸುತ್ತದೆ.

ವೈರಿಂಗ್ ವಿಷಯದಲ್ಲಿ ಹಳೆಯ ಮಾಲೀಕರು ಒಬ್ಬರ ಮೇಲೊಬ್ಬರು ಸೇರಿಸುತ್ತ ಹೋಗಿದ್ದರು. ಎಲ್ಲವನ್ನೂ ಕಿತ್ತು ಹೊಸದು ಎಳೆದದ್ದು ಸರಿಯಾದ ನಿರ್ಧಾರ. 12 ವೋಲ್ಟಿನಲ್ಲಿ 2,000 ವಾಟಿನ ಇನ್ವರ್ಟರ್ ಓಡಿಸಿದರೆ 160 ಆಂಪಿಯರಿಗೂ ಹೆಚ್ಚು ಕರೆಂಟು ಹರಿಯುತ್ತದೆ. ಸಣ್ಣ ವೈರು ಕಾದು ಉರಿಯುತ್ತದೆ. ಬ್ಯಾಟರಿಗಳು ಅಲುಗದಂತೆ ಪಟ್ಟಿ ಬಿಗಿದು, ತುದಿಗಳಿಗೆ ಮುಚ್ಚಳ ಹಾಕಿ, ಮೇಲೆ ಗಾಳಿ ಆಡುವ ದಾರಿ ಬಿಡಬೇಕು. ಚಾರ್ಜ್ ಆಗುವಾಗ ಅವು ಜಲಜನಕ ಬಿಡುತ್ತವೆ. ಬೋಟ್ ಸೇಫ್ಟಿ ಸ್ಕೀಮಿನ ಪರೀಕ್ಷಕರು ನಾಲ್ಕು ವರ್ಷಕ್ಕೊಮ್ಮೆ ಇವನ್ನೆಲ್ಲ ನೋಡುತ್ತಾರೆ. ಅದರ ಪ್ರಮಾಣಪತ್ರವಿಲ್ಲದೆ ಕಾಲುವೆಯ ಲೈಸೆನ್ಸ್ ಸಿಗದು. ಫಿಲ್ಟರ್, ಡಿಪ್‌ಸ್ಟಿಕ್, ಗ್ರೀಸ್ ಕಪ್, ಬಿಲ್ಜ್ ಪಂಪಿನ ಫ್ಲೋಟ್ ಸ್ವಿಚ್ ಎಲ್ಲಕ್ಕೂ ಕೈ ನೇರವಾಗಿ ತಲುಪಬೇಕೆಂದು ಗೆಳೆಯ ಹಠ ಹಿಡಿದಿದ್ದ. ಕೈಗೆಟುಕದ ಫಿಲ್ಟರನ್ನು ಯಾರೂ ಹೊತ್ತಿಗೆ ಸರಿಯಾಗಿ ಬದಲಿಸುವುದಿಲ್ಲ, ಹಾಗಾಗಿ ಅವನ ಹಠವನ್ನು ನಾನು ಮೆಚ್ಚಿದೆ.

ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿವೆಯೇ ಎಂಬ ಕೊನೆಯ ಅಳತೆಯನ್ನು ದೋಣಿ ನೀರಿಗಿಳಿದ ಮೇಲೆ ತೆಗೆದೆವು. ದಿಮ್ಮಿಗಳ ಮೇಲೆ ಕೂತ ದೋಣಿಯ ಮೈ ತೇಲುವಾಗ ಕೊಂಚ ಬೇರೆಯಾಗಿ ಬಾಗುತ್ತದೆ. ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ ತೂರಿಸಿ, ಮೇಲೆ, ಕೆಳಗೆ, ಎಡ, ಬಲ ನಾಲ್ಕೂ ಕಡೆ ಅಂತರ ಒಂದೇ ಬರುವವರೆಗೆ ಮೌಂಟುಗಳ ನಟ್ಟನ್ನು ಕೂದಲೆಳೆಯಷ್ಟು ಏರಿಸಿ ಇಳಿಸುವ ಕೆಲಸ. ಆಮೇಲೆ ಎಂಜಿನ್ ಶುರುಮಾಡಿ, ದೋಣಿಯನ್ನು ದಂಡೆಗೆ ಬಿಗಿದೇ ಗೇರ್‌ನಲ್ಲಿ ಓಡಿಸಿದಾಗ, ಡೀಸೆಲ್ ಫಿಲ್ಟರಿನ ಕೆಳಗೆ ತಿಳಿಬೂದು ನೆಲದ ಮೇಲೆ ಒಂದು ಕೆಂಪು ಹನಿ ಬಿತ್ತು. ತಾಮ್ರದ ವಾಷರ್ ಒಂದು ಸರಿಯಾಗಿ ಕೂತಿರಲಿಲ್ಲ. ಹೊಸದು ಹಾಕಿದೆವು, ನಿಂತಿತು. ಹಳೆಯ ಕರಿ ತಳದಲ್ಲಿ ಆ ಹನಿ ಕಾಣುವುದಕ್ಕೆ ತಿಂಗಳುಗಳೇ ಬೇಕಾಗುತ್ತಿದ್ದವು.

ಈಗ ಅವನ ಗಮನ ಕ್ಯಾಬಿನ್ ನೆಲದಡಿಗೆ ಹೋಗಿದೆ. ದೋಣಿ ಸ್ವಲ್ಪ ಹಿಂದಕ್ಕೆ ವಾಲಿ ತೇಲುವುದರಿಂದ ಅಡಿಗೆಮನೆ, ಸ್ನಾನದ ಕೋಣೆಯ ಸೋರಿಕೆಯೆಲ್ಲ ಎಂಜಿನ್ ಬೇಯ ಈಚೆಗಿನ ಗೋಡೆಗೆ ಬಂದು ನಿಲ್ಲುತ್ತದೆ, ಮೇಲೆ ಹಾಸಿದ ನೆಲಹಾಸಿನಿಂದ ಯಾರಿಗೂ ಕಾಣುವುದಿಲ್ಲ. ಮೆಟ್ಟಿಲ ಬುಡದಲ್ಲಿ ಅಂಗೈ ಹಿಡಿಸುವಷ್ಟು ಒಂದು ಕಿಂಡಿ ಕೊರೆದು ಒಳಗೆ ನೋಡಬೇಕಿದೆ.